ಕೊನೆಯ ಜಾಡಿಯ ಮರಳು

ಪ್ರಯೋಗಾಲಯದ ಹಿಂದಿನ ಕೋಣೆ,
ಜೂನ್ ೧೧, ಮಂಗಳವಾರ

ನೀರಡಿಯ ಮಹಾರಾಣಿಯವರಾದ ಪ್ರೀತಿಯ ಅಮ್ಮನ ಪಾದಕ್ಕೆ, ಏಕೈಕ ಹಾಗೂ ಆದ್ದರಿಂದಲೇ ಅತ್ಯುತ್ತಮಳಾದ ಮಗಳ ಸಾಷ್ಟಾಂಗ ವಂದನೆಗಳು.

ಕಿವಿನೋವು ಇಳಿಯಿತೇ? ಮುಳುಗುವ ಮುಂಚೆ ಹೊಟ್ಟೆಗೇನಾದರೂ ಹಾಕಿಕೊಳ್ಳುತ್ತೀಯೋ, ಗಾಳಿ ಸಿಲಿಂಡರೇ ಊಟವೋ? ಅಪ್ಪ ಕ್ಷೇಮ, ನಿನ್ನ ದೋಣಿಯ ಮಾತು ಬಂದಾಗ ಮಾತ್ರ ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಾರೆ.

ಜಾಡಿಗಳೆಲ್ಲ ತಲುಪಿದವು. ಹವಳದಿಬ್ಬದೊಳಗಿಂದ ನೀನು ಕೊರೆದು ತೆಗೆದ ಹಳೆಯ ಮರಳನ್ನು ಆಮ್ಲದಲ್ಲಿ ಕರಗಿಸಿ, ಉಳಿದದ್ದನ್ನು ಒದ್ದೆ ಕುಂಚದಿಂದ ಹೆಕ್ಕುತ್ತಿದ್ದೇನೆ. ಉಸಿರು ಬಿಟ್ಟರೆ ಹಾರಿಹೋಗುವ ಚೂರುಗಳು. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ಘೋರ ಶಿಕ್ಷೆ ಉಂಟೇ? ಆದರೂ ಎಂಥ ಸೊಗಸು! ಶಾರ್ಕಿನ ಚರ್ಮದ ಮೇಲಿನ ಹಲ್ಲಿನಂಥ ಹುರುಪೆಗಳು ಮರಳಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಉಳಿದಿವೆ. ತೆಳ್ಳಗೆ ಗೆರೆಗೆರೆಯಾದವು ದೂರ ಈಜುವ ಓಟಗಾರರದು, ದಪ್ಪ ಚಪ್ಪಟೆಯವು ಬಂಡೆಗೆ ಮೈಯುಜ್ಜಿ ಬಿದ್ದುಕೊಂಡಿರುವ ಸೋಮಾರಿಗಳದು. ಸಾವಿರಾರು ವರ್ಷಗಳ ಹಿಂದೆ ನಿನ್ನ ಆ ಕೊಲ್ಲಿ ಸಂತೆಯ ಹಾಗೆ ಗಿಜಿಗುಡುತ್ತಿತ್ತು ಅಮ್ಮಾ.

ಮೇಲಿನ ಪದರಗಳಿಗೆ ಬರುತ್ತ ಸಂತೆ ಕರಗಿತು. ಕೊನೆಯ ಜಾಡಿ, ಅಂದರೆ ಈ ವರ್ಷದ ಮರಳಿನಲ್ಲಿ, ಒಂದೇ ಒಂದು ಹುರುಪೆಯೂ ಇಲ್ಲ. ಅದರ ಮುಚ್ಚಳದ ಮೇಲೆ ನೀನು ಎಂದಿನಂತೆ ಗೀಚುವ ಬೈಗುಳವೂ ಇರಲಿಲ್ಲ, ಯಾರದೋ ದುಂಡಕ್ಷರ. ಪ್ರಯೋಗಾಲಯದ ಹಿರಿಯ ಮೇಡಂ ಕೈಚಾಚಿದರು: "ಎಲ್ಲಿ ಬಚ್ಚಿಟ್ಟಿದ್ದೀಯೇ ಮಂಗ, ತೆಗಿ ಈಚೆಗೆ!" ಅವರ ಚಹಾಕ್ಕೆ ರಬ್ಬರ್ ಜೇಡ ಬಿಟ್ಟವಳಲ್ಲವೇ ನಾನು. ನನ್ನ ಮುಖ ನೋಡಿ, "ನಗ್ತಾ ಇಲ್ವಲ್ಲೇ ನೀನು..." ಅಂದವರೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಶಾರ್ಕ್ ಬರುತ್ತೆ, ಹೋಗ್ಬೇಡ" ಅಂತ ನಿನ್ನ ಕಾಲು ಕಟ್ಟಿಕೊಂಡು ಅಳುತ್ತಿದ್ದವಳು ನಾನು. ಈಗ ಅವು ಇಲ್ಲವೆಂದು ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅಷ್ಟು ಮಂದಿ ಖಾಲಿ ಮಾಡಿ ಹೋದ ಮನೆಯಲ್ಲಿ ನೀನೊಬ್ಬಳೇ ದೀಪ ಹಿಡಿದು ತಿರುಗುತ್ತಿರುವುದೇ ಕಣ್ಣಿಗೆ ಕಟ್ಟುತ್ತದೆ.

ಮೇಡಂ ನೆನಪು ತಿಳಿಸಿದ್ದಾರೆ. ಅಪ್ಪ ನಿನ್ನ ಚಪ್ಪಲಿ ಒರೆಸಿಟ್ಟಿದ್ದಾರೆ.

ಇಂತಿ,
ಒಣನೆಲದಲ್ಲಿರುವ ನಿನ್ನ ಮಂಗ

ತಾ.ಕ.: ಅಂಚೆಪೆಟ್ಟಿಗೆಯವರೆಗೆ ಹೋದವಳು ಒಂದು ನೆನಪಾಗಿ ಓಡಿ ಬಂದೆ. ಕೊನೆಯ ಜಾಡಿಯಲ್ಲಿ ಒಂದು ನೀಲಿ ಚೂರಿತ್ತು, ಕಸವೆಂದು ಪಕ್ಕಕ್ಕಿಟ್ಟಿದ್ದೆ. ಈಗ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಮುಳುಗುವಾಗ ನೀನು ತೊಡುವ ನೀಲಿ ಕೈಗವಸಿನ ರಬ್ಬರು. ಉದ್ದಕ್ಕೂ ಗೀರು, ಗೀರಿನಲ್ಲೊಂದು ಹುರುಪೆ. ಕಂದು ಬಣ್ಣದ್ದಲ್ಲ, ಗಾಜಿನಷ್ಟು ತಿಳಿ. ಹೊಚ್ಚ ಹೊಸದು. ಒಂದಾದರೂ ಉಳಿದಿದೆಯೆಂದು ಮೇಡಂ ಕುಣಿಯುತ್ತಿದ್ದಾರೆ. ನಾನು ಮುಚ್ಚಳದ ಮೇಲಿನ ಆ ದುಂಡಕ್ಷರವನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ. ಅಮ್ಮಾ, ತಮಾಷೆ ಸಾಕು. ಉತ್ತರ ಬರೆ. ಬೇರೆಯವರ ಕೈಲಿ ಬರೆಸಬೇಡ. ನಿನ್ನ ಬಲಗೈಯಲ್ಲೇ ಬರೆ.