ನಾಲ್ಕು ಬೆಂಚುಗಳ ಬೇಲಿ

ಮಾರ್ಚ್ ೧೯, ಗುರುವಾರ
ಬೆಳಗಿನ ಏಳು ಗಂಟೆ

ಮಗಳೇ,

ಕರ್ತನ ಸಮಾಧಾನವು ನಿನ್ನ ಮನೆಯಲ್ಲಿರಲಿ. ಪತ್ರವನ್ನು ‘ಉಭಯ ಕುಶಲೋಪರಿ’ ಎಂದು ಆರಂಭಿಸಬೇಕೆಂದು ಮೂವತ್ತೆಂಟು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಇಂದು ಹಾಗೆ ಬರೆಯಲಾರೆ. ನನ್ನ ಕುಶಲ ನನಗೆ ಗೊತ್ತು, ನಿನ್ನದು ಗೊತ್ತಿಲ್ಲ. ನಿನ್ನ ಅಮ್ಮ ಇದ್ದಷ್ಟು ದಿನ ನಿನ್ನ ಸುದ್ದಿಯನ್ನು ಅಡುಗೆಮನೆಯಿಂದಲೇ ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ಪತ್ರಿಕೆ ಓದುವವನಂತೆ ನಟಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ತಿಳಿಯದ್ದನ್ನು ತಿಳಿದವನಂತೆ ಬರೆಯುವುದು ತಪ್ಪು.

ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಚರ್ಚಿನ ಸಮಿತಿಯವರು ನನ್ನಿಂದ ಒಂದು ಕ್ಷಮಾಪಣಾ ಪತ್ರವನ್ನು ಕೇಳಿದ್ದಾರೆ. ಭಾನುವಾರದ ಆರಾಧನೆಗೆ ಮುಂಚೆ ಅದು ಅವರ ಕೈ ಸೇರಬೇಕಂತೆ. ಇಲ್ಲವಾದರೆ ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ಸೋಮವಾರ ನಾನು ಗೋಧಿ ಬೆಳೆದ ನೆಲದ ಮೇಲೆ ಸಿಮೆಂಟನ್ನೂ ಸುರಿಯುತ್ತಾರೆ. ನನ್ನ ಅಪರಾಧವೆಂದರೆ ಚರ್ಚಿನ ನಾಲ್ಕು ಬೆಂಚುಗಳನ್ನು ಕಳಚಿದ್ದು. ಯಾವ ನಾಲ್ಕು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಅದನ್ನು ನಾನು ಇದುವರೆಗೆ ಒಮ್ಮೆಯೂ ಕೈಯಾರೆ ಬರೆದಿಲ್ಲ.

ಭಾನುವಾರದ ಶಾಲೆಯನ್ನು ನನಗೆ ವಹಿಸಿದಾಗ ನನಗೆ ಮೂವತ್ತು ವರ್ಷ. ಯೇಸು ಹೇಳಿದ ಬಿತ್ತುವವನ ಸಾಮ್ಯದ ಕಥೆ ಬಾಯಿಪಾಠವಾಗಿತ್ತು. ದಾರಿಯ ಮೇಲೆ ಬಿದ್ದ ಬೀಜವನ್ನು ಹಕ್ಕಿಗಳು ತಿಂದವು, ಬಂಡೆಯ ಮೇಲೆ ಬಿದ್ದದ್ದು ಬೇರಿಲ್ಲದೆ ಒಣಗಿತು, ಮುಳ್ಳಿನಲ್ಲಿ ಬಿದ್ದದ್ದು ಉಸಿರುಗಟ್ಟಿತು, ಒಳ್ಳೆಯ ನೆಲದಲ್ಲಿ ಬಿದ್ದದ್ದು ನೂರರಷ್ಟು ಫಲ ಕೊಟ್ಟಿತು. ಇತರರಿಗೆ ಅದರಲ್ಲಿ ಹೊಲ ಕಂಡಿತು. ನನಗೆ ತರಗತಿ ಕಂಡಿತು. ಬಡಗಿಯಿಂದ ನಾಲ್ಕು ಬೆಂಚು ಮಾಡಿಸಿ, ಒರಗುಹಲಗೆಗಳ ಮೇಲೆ ಬಿಳಿ ಬಣ್ಣದಲ್ಲಿ ದಾರಿ, ಬಂಡೆ, ಮುಳ್ಳು, ಒಳ್ಳೆಯ ನೆಲ ಎಂದು ನಾನೇ ಬರೆದೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಅಂಕ ನೋಡಿ ಮಕ್ಕಳನ್ನು ಬೆಂಚಿನಿಂದ ಬೆಂಚಿಗೆ ಎತ್ತಿ ಕೂರಿಸುತ್ತಿದ್ದೆ. ಮಾದರಿ ಶಿಕ್ಷಕನೆಂದು ಅಕ್ಕಪಕ್ಕದ ಸಭೆಗಳವರು ಬಂದು ನೋಡಿಹೋದರು. ಕೆಲವು ಮಕ್ಕಳಿಗೆ ಬೆಂಚೇ ಹೆಸರಾಗಿ ಅಂಟಿಕೊಂಡಿತು. ನಮ್ಮ ಸಮಾಧಿಗಳ ಗುಂಡಿ ತೋಡುವವನಿಗೆ ಐವತ್ತು ತುಂಬಿದೆ; ಅವನನ್ನು ಈಗಲೂ ಎಲ್ಲರೂ ಮುಳ್ಳ ಎಂದೇ ಕರೆಯುತ್ತಾರೆ, ಅವನ ಹೆಂಡತಿಯೂ ಸೇರಿ.

ಹನ್ನೊಂದನೆಯ ವಯಸ್ಸಿನಲ್ಲಿ ನೀನು ಪಾಠ ಒಪ್ಪಿಸುವಾಗ ತಪ್ಪಿದೆ ಎಂದು ನಿನ್ನನ್ನು ದಾರಿಯ ಬೆಂಚಿನಲ್ಲಿ ಕೂರಿಸಿದೆ. ಮೇಷ್ಟ್ರ ಮಗಳಿಗೆ ರಿಯಾಯಿತಿ ಎಂಬ ಮಾತು ಬರಬಾರದೆಂದು ಆರು ವರ್ಷ ಅಲ್ಲಿಂದ ಏಳಿಸಲಿಲ್ಲ. ಹದಿನೇಳಕ್ಕೆ ನೀನು ಬೆಂಚನ್ನೂ ಚರ್ಚನ್ನೂ ಮನೆಯನ್ನೂ ಒಂದೇ ಸಲಕ್ಕೆ ಬಿಟ್ಟೆ. ಹಾಸ್ಟೆಲಿಗೆ ಹೊರಟಾಗ ಪೆಟ್ಟಿಗೆ ಕಟ್ಟುತ್ತ ನಿನ್ನ ಅಮ್ಮನಿಗೆ ಹೇಳಿದ ಮಾತು ಗೋಡೆಯಾಚೆ ನನಗೂ ಕೇಳಿಸಿತ್ತು: “ಅಪ್ಪನ ಲೆಕ್ಕದಲ್ಲಿ ನಾನು ದಾರೀನೇ ಅಲ್ವಾ? ಸರಿ ಬಿಡು. ದಾರಿ ಇರೋದೇ ಹೋಗೋಕೆ.”

ಈಗ ಗೋಧಿಯ ಕಥೆ.

ಚರ್ಚಿನ ಪಶ್ಚಿಮ ಗೋಡೆಗೂ ಚಿಕ್ಕ ಗೇಟಿಗೂ ನಡುವೆ ಅರವತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಒಂದು ಪಟ್ಟಿ ನೆಲವಿದೆಯಲ್ಲ. ಮೂರು ತಲೆಮಾರಿನವರು ಅಡ್ಡಹಾಯ್ದು ಹಾಯ್ದು ಅದು ಒಲೆಯ ಕಟ್ಟೆಯಂತೆ ಗಟ್ಟಿಯಾಗಿದೆ. ವಾಹನ ನಿಲ್ಲಿಸಲು ಅದಕ್ಕೆ ಸಿಮೆಂಟು ಹಾಕಿಸುವುದೆಂದು ಸೆಪ್ಟೆಂಬರಿನ ಸಭೆಯಲ್ಲಿ ಕಾರ್ಯದರ್ಶಿ ಸೂಚಿಸಿದ. ಔಷಧಿ ಅಂಗಡಿಯ ಯಜಮಾನ. ನನ್ನ ಹಳೆಯ ವಿದ್ಯಾರ್ಥಿ. ಒಳ್ಳೆಯ ನೆಲದ ಬೆಂಚಿನಿಂದ ಒಂದು ದಿನವೂ ಇಳಿಯದವನು. ಅದು ಬರೀ ದಾರಿ, ಅಲ್ಲಿ ಏನೂ ಬೆಳೆಯುವುದಿಲ್ಲ ಎಂದು ಅವನು ಹೇಳಿದಾಗ ನಾನು ಎದ್ದುನಿಂತುಬಿಟ್ಟೆ. ದನಿ ಅವನದಾಗಿದ್ದರೂ ಮಾತು ನನ್ನದಾಗಿತ್ತು. ಬೆಳೆದು ತೋರಿಸುತ್ತೇನೆ ಎಂದೆ. ಅವನು ಬಹಳ ವಿನಯದಿಂದ ಕೇಳಿದ: “ಮೇಷ್ಟ್ರೇ, ದಾರಿ ಮೇಲೆ ಬಿದ್ದ ಬೀಜ ಹಕ್ಕಿ ಪಾಲು ಅಂತ ನಮಗೆ ಕಲಿಸಿದ್ದು ನೀವೇ ಅಲ್ವಾ?” ಎಲ್ಲರೂ ನಕ್ಕರು. ಅರವತ್ತಕ್ಕೆ ಅರಳುಮರಳು ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ನನಗೆ ಎಪ್ಪತ್ತೆರಡು, ಹಾಗಾದರೆ ಹನ್ನೆರಡು ವರ್ಷ ತಡವಾಗಿ ಬಂದಿದೆ ಎಂದೆ. ಸಭಾಪಾಲಕರು ಜಗಳ ಬೇಡವೆಂದು ಮಾರ್ಚಿನ ನಾಲ್ಕನೆಯ ಭಾನುವಾರದವರೆಗೆ ಗಡುವು ಕೊಟ್ಟರು.

ನನ್ನ ಮೊದಲ ಬಿತ್ತನೆಯನ್ನು ನೀನು ನೋಡಬೇಕಿತ್ತು. ಪುಸ್ತಕದ ಹುಳುವಲ್ಲವೇ? ಕುಂಟೆಯಂಥ ಒಂದು ಹಲ್ಲುಕೋಲಿನಿಂದ ಎರಡು ಬೆರಳಿನಷ್ಟು ಕೆರೆದು, ಇಷ್ಟು ಸಾಕೆಂದು ಗೋಧಿ ಚೆಲ್ಲಿ, ಕೈ ತೊಳೆದು ಆರಾಧನೆಗೆ ಹೋದೆ. ಎರಡನೆಯ ಕೀರ್ತನೆ ಮುಗಿಯುವಷ್ಟರಲ್ಲಿ ಊರಿನ ಪಾರಿವಾಳಗಳೆಲ್ಲ ಅಲ್ಲಿ ಸಭೆ ಸೇರಿದ್ದವು. ನಾನು ಛತ್ರಿ ಹಿಡಿದು ಹೊರಗೆ ಓಡಿದೆ. ಕಿಟಕಿಗಳಲ್ಲಿ ತಲೆಗಳು ಕಂಡವು.

ಮರುದಿನ ಮುಳ್ಳ ಗುದ್ದಲಿ, ಹಾರೆಗಳನ್ನು ಹೆಗಲಿಗೇರಿಸಿಕೊಂಡು ಬಂದ. ನಾನು ಕರೆದಿರಲಿಲ್ಲ. ಗುದ್ದಲಿಯನ್ನು ಸೀಮೆಸುಣ್ಣ ಹಿಡಿದಂತೆ ಹಿಡಿಯಬಾರದೆಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಸಿದ. ಮೊದಲ ವಾರ ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಈ ನೆಲದ ಹಣೆಯಲ್ಲೇ ಬರೆದಿಲ್ಲವೇನೋ ಎಂದು ನಾನು ಒಮ್ಮೆ ಬೇಸತ್ತು ಕುಳಿತಾಗ ಅವನು ಬೆವರು ಒರೆಸಿಕೊಳ್ಳುತ್ತ ಅಂದ: “ಮೂವತ್ತು ವರ್ಷದಿಂದ ಈ ಕಾಂಪೌಂಡಲ್ಲಿ ತೋಡ್ತಿದೀನಿ, ಮೇಷ್ಟ್ರೇ. ದೊಡ್ಡೋರಿಗೂ ತೋಡಿದೀನಿ, ಬಡವರಿಗೂ ತೋಡಿದೀನಿ, ನಿಮ್ಮ ಮನೆ ಅಮ್ಮಾವ್ರಿಗೂ ತೋಡಿದೀನಿ. ಮೇಲ್ಗಡೆ ಮಾತ್ರ ದಾರಿ, ಬಂಡೆ, ಮುಳ್ಳು ಎಲ್ಲ. ಒಂದು ಮೊಳ ಇಳೀರಿ, ಎಲ್ಲಾ ಕಡೆ ಒಂದೇ ಮಣ್ಣು.”

ಇದನ್ನು ನನಗೆ ಯಾವ ವ್ಯಾಖ್ಯಾನವೂ ಹೇಳಿರಲಿಲ್ಲ. ಹೇಳಿದವನನ್ನು ನಾನು ಮೂರನೆಯ ಬೆಂಚಿನಲ್ಲಿ ಕೂರಿಸಿದ್ದೆ.

ಒಂದು ಮೊಳ ಇಳಿದೆವು. ಅಲ್ಲಿಂದ ಎರಡು ಹಿಡಿ ಮಣ್ಣನ್ನು ಚೀಲಕ್ಕೆ ತುಂಬಿ, ಮುಳ್ಳನ ಹೆಸರಿನಲ್ಲಿ ಅರ್ಜಿ ಬರೆದು, ನೀನು ಕೆಲಸ ಮಾಡುವ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸಿದೆ. ಇನ್ನೂ ಹತ್ತಿರದಲ್ಲಿ ಮತ್ತೊಂದು ಕೇಂದ್ರವಿರುವುದು ನನಗೆ ಗೊತ್ತಿತ್ತು. ಹದಿನೈದು ದಿನಕ್ಕೆ ಅಚ್ಚಾದ ವರದಿ ಬಂತು. ಅದರ ಅಡಿಯಲ್ಲಿ ಪೆನ್ಸಿಲಿನಿಂದ ಒಂದು ಸಾಲು: “ಈ ಮಣ್ಣಲ್ಲಿ ಏನೂ ಕೊರತೆ ಇಲ್ಲ. ಯಾರೂ ಉತ್ತಿಲ್ಲ, ಅಷ್ಟೇ.” ಚೀಲದ ಚೀಟಿಯ ಮೇಲಿನ ಅಕ್ಷರವನ್ನು ನೀನು ಗುರುತಿಸಿದ್ದೆ. ಗುರುತಿಸದೆ ಇರುವೆಯಾ? ಆರು ವರ್ಷ ನಿನ್ನ ಬೆನ್ನಿಗೆ ಒತ್ತಿಕೊಂಡಿದ್ದ ಅಕ್ಷರವದು.

ನವೆಂಬರಿನಲ್ಲಿ ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಎರಡನೆಯ ಸಲ ಬಿತ್ತಿದೆವು. ಹತ್ತನೆಯ ದಿನ ಮೊಳಕೆ ಎದ್ದಿತು. ಕಾರ್ಯದರ್ಶಿ ಬಂದು ನೋಡಿದ; ತನ್ನ ಪಾಲಿಶ್ ಮಾಡಿದ ಚಪ್ಪಲಿಯನ್ನು ಹುಲ್ಲಿಗೆ ಒರೆಸಿಕೊಂಡು ಹೋದ.

ಅಲ್ಲಿಗೆ ನಿಲ್ಲಿಸಿದ್ದರೆ ನನಗೆ ಶಾಲು ಹೊದಿಸುತ್ತಿದ್ದರೇನೋ. ಜನವರಿಯ ಒಂದು ಮಧ್ಯಾಹ್ನ ದರ್ಜಿಯ ಮಗಳು, ಒಂಬತ್ತು ವರ್ಷದವಳು, ಪೈರಿನ ಅಂಚಿನಲ್ಲಿ ನಿಂತಿದ್ದಳು. ನೀರು ಹಾಕುತ್ತೀಯಾ ಎಂದು ಡಬ್ಬಿ ಚಾಚಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಳು. “ಬೇಡ ತಾತ. ನಾನು ದಾರಿ ಬೆಂಚಿನವಳು. ನಾನು ಹಾಕಿದ್ರೆ ಇದು ಬೆಳೆಯಲ್ಲ.”

ನಾನು ಪಾಠ ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಆ ಬೆಂಚುಗಳು ಪಾಠ ಮಾಡುತ್ತಲೇ ಇದ್ದವು. ಹೊಸ ಶಿಕ್ಷಕಿ ನನ್ನ ನೋಟ್‌ಬುಕ್ಕನ್ನೇ ಇಟ್ಟುಕೊಂಡು, ಬಣ್ಣ ಮಾಸಿದಲ್ಲಿ ಮತ್ತೆ ಬಳಿಸಿ, ನಡೆಸಿಕೊಂಡು ಬಂದಿದ್ದರು. ಅವರದು ತಪ್ಪಲ್ಲ. ನಾನು ಸಮಿತಿಯ ಮುಂದೆ ನಿಂತು ವಾದಿಸಿದೆ. ಗೋಧಿಯನ್ನೂ ಕಳೆಯನ್ನೂ ಬೇರೆ ಮಾಡುವುದು ಕೊಯ್ಲಿನ ದಿನದ ಕೆಲಸ, ಅದೂ ದೇವದೂತರ ಕೆಲಸ ಎಂದು ಅದೇ ಅಧ್ಯಾಯದಲ್ಲಿದೆ. ನಾನು ಮೂರು ತಿಂಗಳಿಗೊಮ್ಮೆ ದೂತರ ಕೆಲಸ ಕಸಿದುಕೊಂಡೆ ಎಂದೆ. ಪಾಳುಬಿದ್ದ ನೆಲವನ್ನು ಉಳಿರಿ ಎಂದು ಪ್ರವಾದಿಗಳು ಗಂಟಲು ಹರಿದುಕೊಂಡದ್ದನ್ನು ಬಾಯಿಪಾಠ ಮಾಡಿಸಿದೆನೇ ಹೊರತು, ಬಿತ್ತುವವನ ಪಕ್ಕದಲ್ಲಿಟ್ಟು ಓದಲಿಲ್ಲ ಎಂದೆ. ಅವರು ಸಮಾಧಾನದಿಂದ ಕೇಳಿ, ಬೆಂಚುಗಳು ಚರ್ಚಿನ ಪರಂಪರೆ, ತೆಗೆಯಲಾಗದು; ಬೇಕಾದರೆ ಒಳ್ಳೆಯ ನೆಲಕ್ಕೆ ನಿಮ್ಮ ಹೆಸರಿನಲ್ಲೇ ವರ್ಷಕ್ಕೊಂದು ಬಹುಮಾನ ಇಡೋಣ ಎಂದರು.

ಮುಂದಿನ ಶನಿವಾರ ಹಾಡುಹಗಲಿನಲ್ಲಿ, ಗಂಟೆ ಹನ್ನೊಂದಕ್ಕೆ, ನಾನೂ ಮುಳ್ಳನೂ ನಾಲ್ಕು ಬೆಂಚುಗಳನ್ನು ಹೊರಗೆ ಎಳೆದು ಮೊಳೆ ಕಿತ್ತೆವು. ಕದ್ದು ಮಾಡಿದ್ದಲ್ಲ, ಗೇಟು ತೆರೆದೇ ಇತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಅವನು ತನ್ನ ಬೆಂಚಿನ ಮೇಲೆ ಮೊದಲ ಏಟು ಹಾಕಿ ಎಷ್ಟು ನಕ್ಕನೆಂದರೆ ಹಾರೆ ಕೈಬಿಟ್ಟಿತು. ಹಲಗೆಗಳನ್ನು ಪೈರಿನ ಸುತ್ತ ಬೇಲಿಯಾಗಿ ನೆಟ್ಟೆವು. ಒಳ್ಳೆಯ ನೆಲ ಈಗ ತಲೆಕೆಳಗಾಗಿದೆ. ಬಂಡೆಯೂ ದಾರಿಯೂ ಒಂದಕ್ಕೊಂದು ಆತು ನಿಂತಿವೆ. ದರ್ಜಿಯ ಮಗಳು ಅಂದಿನಿಂದ ದಿನಾ ನೀರು ಹಾಕಿದ್ದಾಳೆ.

ಇದಕ್ಕೆ ನಾನು ಕ್ಷಮೆ ಕೇಳಬೇಕಂತೆ. ಕೇಳುವುದಿಲ್ಲ. ಹೆಸರಿನ ಮೇಲೆ ಗೆರೆ ಎಳೆಯಲಿ. ಕೆಂಪು ಶಾಯಿಯಲ್ಲೇ ಎಳೆಯಲಿ, ನಾನು ನೂರಾರು ಮಕ್ಕಳ ಉತ್ತರಗಳ ಮೇಲೆ ಎಳೆದಿದ್ದೇನೆ. ಆದರೆ ಕ್ಷಮಾಪಣಾ ಪತ್ರ ಬರೆಯುವುದಿಲ್ಲವೆಂದು ನಾನು ಹೇಳಿಲ್ಲ. ಅದನ್ನೇ ಬರೆಯುತ್ತಿದ್ದೇನೆ. ವಿಳಾಸ ಮಾತ್ರ ಬೇರೆ.

ನೇಗಿಲಿಗೆ ಕೈಯಿಟ್ಟವನು ಹಿಂದಕ್ಕೆ ನೋಡಬಾರದೆಂಬ ಮಾತಿದೆ. ನಾನು ಕೈಯಿಟ್ಟದ್ದು ಎಪ್ಪತ್ತೆರಡಕ್ಕೆ; ನನಗೆ ಮುಂದೆ ನೋಡುವುದಕ್ಕಿಂತ ಹಿಂದೆ ನೋಡಬೇಕಾದದ್ದೇ ಹೆಚ್ಚು. ಆ ಒಂದು ಅಪ್ಪಣೆಯನ್ನು ಮೀರಿದ್ದಕ್ಕೆ ಕರ್ತನಿಗೆ ನಾನೇ ಉತ್ತರ ಹೇಳಿಕೊಳ್ಳುತ್ತೇನೆ.

ತೆನೆ ಬಲಿತಿದೆ. ಭಾನುವಾರ ಆರಾಧನೆಯ ಗಂಟೆ ಹೊಡೆದಾಗ ಅವರು ಒಳಗೆ ಹೋಗುತ್ತಾರೆ, ನಾವು ಹೊರಗೆ ಕೊಯ್ಲಿಗೆ ಇಳಿಯುತ್ತೇವೆ. ಸಂಜೆಯೊಳಗೆ ನೆಲವನ್ನು ಮತ್ತೆ ಅಗೆದಿರುತ್ತೇವೆ. ಸೋಮವಾರ ಸಿಮೆಂಟಿನ ಲಾರಿ ಬಂದರೆ ಆ ನೆಲದ ನಡುವೆ ಕುರ್ಚಿ ಹಾಕಿಕೊಂಡು ನಾನು ಕುಳಿತಿರುತ್ತೇನೆ. ನಮ್ಮಲ್ಲಿರುವುದು ಎರಡೇ ಕುಡುಗೋಲು. ಮುಳ್ಳ ನಿನ್ನೆ ಮೂರನೆಯದೊಂದನ್ನು ಸಾಣೆ ಹಿಡಿಸಿ ತಂದಿಟ್ಟಿದ್ದಾನೆ. ಯಾರಿಗೆ ಎಂದು ನಾನು ಕೇಳಲಿಲ್ಲ.

ಬಾ ಎಂದು ಆಜ್ಞೆ ಮಾಡುವ ಕಾಲ ಮುಗಿಯಿತು. ಗೇಟು ತೆರೆದಿರುತ್ತದೆ.

ಇಂತು,
ಅಂಗೈಯಲ್ಲಿ ಬೊಕ್ಕೆ ಎದ್ದಿರುವ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮರೆಸಿದ್ದು. ಮೇಲೆ ಒಂದು ವಾಕ್ಯ ಸುಳ್ಳು. ಹಾಳೆ ಹರಿದು ಹೊಸದಾಗಿ ಬರೆಯಬಹುದಿತ್ತು. ನಿನಗೆ ಕಾಣಲೆಂದೇ ಹಾಗೆ ಬಿಟ್ಟಿದ್ದೇನೆ. ಅಂದು ನೀನು ಪಾಠ ಒಪ್ಪಿಸುವಾಗ ತಪ್ಪಲಿಲ್ಲ. ಒಂದಕ್ಷರವೂ ಬಿಡದೆ ಒಪ್ಪಿಸಿದೆ. ಆಮೇಲೆ ಕೈಯೆತ್ತಿ ಕೇಳಿದೆ: “ಅಪ್ಪಾ, ಬಿತ್ತೋಕೆ ಮುಂಚೆ ಅವನು ಯಾಕೆ ಉಳಲಿಲ್ಲ?” ಮಕ್ಕಳು ನಕ್ಕರು, ನನಗೆ ಉತ್ತರ ತಿಳಿದಿರಲಿಲ್ಲ, ನಿನ್ನನ್ನು ಎಬ್ಬಿಸಿ ದಾರಿಯ ಬೆಂಚಿಗೆ ಕಳುಹಿಸಿದೆ. ಉತ್ತರ ಇಪ್ಪತ್ತೊಂಬತ್ತು ವರ್ಷ ತಡವಾಯಿತು: ಉಳುವ ಕೆಲಸವನ್ನು ಅವನು ಮೇಷ್ಟ್ರಿಗೆ ಬಿಟ್ಟಿದ್ದ. ಮೇಷ್ಟ್ರು ಬೆಂಚುಗಳಿಗೆ ಬಣ್ಣ ಬಳಿಯುತ್ತಿದ್ದ.