ಅಪಾಯಕ್ಕೆ ಮೂರು ಅಂಕ

ಹಿಟ್ನಾಳ
೧೪-೯-೧೯೭೯

ಪ್ರೀತಿಯ ಪಂಪಕ್ಕಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೆ? ದವಾಖಾನೆಯಲ್ಲಿ ಕೊಟ್ಟ ಗುಳಿಗೆ ತಪ್ಪಿಸಬೇಡ. ಅವ್ವ ಆರಾಮ ಇದ್ದಾಳೆ. ನಿನ್ನ ಚೊಚ್ಚಲ ಹೆರಿಗೆಗೆಂದು ಕೌದಿ ಹೊಲಿಯುತ್ತ ಕೂತಿದ್ದಾಳೆ. ನಾನು ಉಣ್ಣುತ್ತೇನೆ, ಮಲಗುತ್ತೇನೆ.

ಹೋದ ಸಲ ಬರೆದಿದ್ದೆನಲ್ಲ, ಈ ವರ್ಷ ಊರಿನ ಒಂದೇ ಕಟ್ಟಡದ ರಿಪೇರಿಗೆ ಮಂಜೂರಾತಿ ಬಂದಿದೆಯೆಂದು. ಶಾಲೆ, ಚಾವಡಿ, ಮುದಕಮ್ಮ ಆಯಿ ಹೆರಿಗೆ ಮಾಡಿಸುವ ಕೋಣೆ, ಮೂರೂ ಸೋರುತ್ತಿದ್ದವು. ಚೇರ್ಮನ್ ವಿರೂಪಾಕ್ಷಪ್ಪನವರಿಗೆ ಚಾವಡಿಯೇ ಬೇಕಿತ್ತು. ದೊಡ್ಡವರ ಮರ್ಜಿಯ ಮೇಲೆ ಊರು ನಡೆಯಬಾರದೆಂದು ನಾನು ಸಭೆಯಲ್ಲಿ ಎದ್ದು ನಿಂತೆ. ಪಂಚಾಯತಿ ಕೆಲಸದ ಬಗೆಗಿನ ಒಂದು ಕಿರುಹೊತ್ತಿಗೆಯಲ್ಲಿ ಓದಿದಂತೆ ಕರಿಹಲಗೆಯ ಮೇಲೆ ಗೆರೆ ಎಳೆದೆ: ಎಷ್ಟು ಜನಕ್ಕೆ ಉಪಯೋಗ, ಎಷ್ಟು ಅಪಾಯ, ರಿಪೇರಿ ಎಷ್ಟು ವರ್ಷ ಬಾಳೀತು. ಒಂದೊಂದಕ್ಕೂ ಹತ್ತು ಅಂಕ, ಒಟ್ಟು ಹೆಚ್ಚು ಬಂದ ಕಟ್ಟಡಕ್ಕೆ ರಿಪೇರಿ. "ಗ್ವಾಡಿನೂ ನಪಾಸ ಮಾಡ್ತಾನ ನೋಡ್ರಿ ಇಂವ" ಎಂದು ಓಬಳೆಪ್ಪ ಕಾಕಾ ಎಲ್ಲರನ್ನೂ ನಗಿಸಿದ. ಆದರೂ ಒಪ್ಪಿದರು. ಕಟ್ಟಡ ನೋಡಿ ಅಂಕ ಹಾಕುವ ಕೆಲಸ ನನಗೇ ಬಂತು. ಶಾಲೆಗೆ ಇಪ್ಪತ್ತಮೂರು, ಹೆರಿಗೆ ಕೋಣೆಗೆ ಹದಿನೆಂಟು, ಚಾವಡಿಗೆ ಹನ್ನೊಂದು. ಚೇರ್ಮನ್ನರು ಸಹಿ ಹಾಕಿದರು. ಆ ದಿನ ಗೆದ್ದೆ ಎಂದುಕೊಂಡಿದ್ದೆ.

ಶಾಲೆಗೆ ಹೊಸ ತಗಡು ಬಂತು. ಮೊನ್ನೆ ಮಂಗಳವಾರದ ಮಳೆಗೆ ಹೆರಿಗೆ ಕೋಣೆಯ ತೊಲೆ ಮುರಿದು ಮಾಳಿಗೆಯ ಮಣ್ಣೆಲ್ಲ ಕುಸಿಯಿತು. ಒಳಗೆ ಬಾಣಂತಿ ಇರಲಿಲ್ಲ. ಆಯಿ ಒಬ್ಬಳೇ ಕಸ ಗುಡಿಸುತ್ತಿದ್ದಳು. ಜೀವ ಉಳಿದಿದೆ. ಬಲಗೈ ಜಜ್ಜಿಹೋಗಿದೆ, ಆ ಬೆರಳುಗಳು ಇನ್ನು ಮಡಚುವುದಿಲ್ಲ ಎಂದರು ಕೊಪ್ಪಳದ ಡಾಕ್ಟರು. ನಿನ್ನನ್ನೂ ನನ್ನನ್ನೂ ಮೊದಲು ಹಿಡಿದ ಕೈ. ಮಣ್ಣು ಎತ್ತಿದವರಲ್ಲಿ ನಾನೂ ಇದ್ದೆ. ಮುರಿದ ತೊಲೆಯ ಒಳಬದಿ ಪೂರಾ ಗೆದ್ದಲು ತಿಂದಿತ್ತು. ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಯಾರೂ ನನ್ನನ್ನು ಬೈಯುತ್ತಿಲ್ಲ. ಹುಡುಗನ ಲೆಕ್ಕ ಸರಿಯಿತ್ತು, ಮಳೆ ಹೆಚ್ಚಾಯಿತು ಎನ್ನುತ್ತಾರೆ.

ಅದಕ್ಕೆ ನೀನು ಇಲ್ಲಿಗೆ ಬರಬೇಡ. ಹೆರಿಗೆ ಗಂಗಾವತಿಯ ದವಾಖಾನೆಯಲ್ಲೇ ಆಗಲಿ. ಅವ್ವನನ್ನೂ ಕೌದಿಯನ್ನೂ ನಾನೇ ತಂದು ಬಿಡುತ್ತೇನೆ. ಮಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ಅಮರಪ್ಪ

ತಾ.ಕ.: ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಅಂಕ ಹಾಕಲು ಹೋದಾಗ ಆಯಿ, "ಒಳಗ ಬಂದು ತೊಲಿ ನೋಡು ಬಾರೋ ತಮ್ಮಾ" ಎಂದು ಕರೆದಳು. ಹಿಂದಿನ ದಿನ ಅಲ್ಲೊಂದು ಹೆರಿಗೆಯಾಗಿತ್ತು. ಮೈಲಿಗೆ ಎಂಬುದೇ ಸುಳ್ಳೆಂದು ನಿನಗೆ ನಾಲ್ಕು ಪುಟ ಬರೆದವನು ಹೊಸ್ತಿಲು ದಾಟಲಿಲ್ಲ. "ಇಲ್ಲಿಂದನ ಕಾಣಸ್ತೈತಿ ಬಿಡಬೇ ಆಯಿ" ಎಂದೆ. ಏನೂ ಕಾಣುತ್ತಿರಲಿಲ್ಲ. ಹೊರಗೇ ನಿಂತು, ಅಪಾಯಕ್ಕೆ ಮೂರು ಎಂದು ಬರೆದುಕೊಂಡೆ.