ಹೆಸರು ಹೇಳಲಾಗದ ಕೊಳವೆ

ಗದಗ, ಫೆಬ್ರವರಿ ೩೧, ೨೨೦೯

ಇನ್ನೂ ಕೈಯಾರೆ ಪಾತ್ರೆ ತೊಳೆಯುವ ಹಿರಿಯರಿಗೆ,

ತಾರೀಖು ತಪ್ಪೆನಿಸೀತು; ನಮ್ಮಲ್ಲಿ ತಿಂಗಳುಗಳನ್ನು ಹೊಸದಾಗಿ ಹಂಚಿದ್ದಾರೆ. ಮಾತು ವಿಚಿತ್ರವೆನಿಸಿದರೂ ಮನ್ನಿಸಿ. ಕಾಲೇಜಿನ ಇಂಗ್ಲಿಷು ಅರ್ಧ ಮರೆತಿದೆ, ಉಳಿದರ್ಧ ಬೇಡದ ಕಡೆ ಬಂದು ಕೂರುತ್ತದೆ.

ನಮ್ಮ ಮನೆಗಳಲ್ಲಿ ಪಾತ್ರೆಪಗಡ ಇಲ್ಲ, 'ಒದಗುಗೋಡೆ' ಇದೆ. ಕೈ ಚಾಚಿದರೆ ಲೋಟ ಕೊಡುತ್ತದೆ, ಕುಡಿದಿಟ್ಟರೆ ನುಂಗುತ್ತದೆ. ತಗ್ಗು ಬೀಳುವಷ್ಟು ಆಯುಷ್ಯ ಯಾವ ಲೋಟಕ್ಕೂ ಇಲ್ಲ. ಗೋಡೆಯ ಲೋಹಕ್ಕಾಗಿ ನಿಮ್ಮ ಕಾಲದ ಸಾಮಾನು ಕರಗಿಸುವ ಶೆಡ್ಡಿನಲ್ಲಿ ನನ್ನ ಹೆಂಡತಿ ಚಂದ್ರಲಾ ಕೆಲಸಕ್ಕಿದ್ದಳು. ಕುಲುಮೆಗೆ ಹಾಕುವ ಮುಂಚೆ ಒಂದೊಂದರ ಚಿತ್ರವನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಇದಕ್ಕೆ ಸ್ಟಿಲ್ ಲೈಫ್ ಅಂತಲೋ ಏನೋ ಅನ್ನುತ್ತಿದ್ದರು, ಇರಲಿ. ಸೋರುವ ತಂಬಿಗೆ, ಹಿಡಿ ಸುಟ್ಟ ಸೌಟು, ಹಲ್ಲು ಸವೆದ ತುರಿಮಣೆ. ಆ ತಂಬಿಗೆಯ ಚಿತ್ರ ನೋಡಿದರೆ ಈಗಲೂ ನನಗೆ ಬಾಯಾರುತ್ತದೆ.

ಅವಳು ಹೋದಳು. ಸತ್ತವರು ಬಿಟ್ಟದ್ದಕ್ಕೆ ನಮ್ಮಲ್ಲಿ 'ಗುರುತಿನ ಕೂಟ' ಮಾಡುತ್ತಾರೆ: ಇದು ಇಂಥದ್ದು, ಇದಕ್ಕೆ ಬಳಸುತ್ತಿದ್ದರು ಎಂದು ಬಂಧುಗಳು ಹೇಳಬೇಕು. ಹೇಳಲಾಗದ್ದು ಗೋಡೆಯ ಬಾಯಿಗೆ. ನಾಳೆ ಕೂಟ. ಒಂದು ಚಿತ್ರದ ಗುರುತು ಮಾತ್ರ ನಮಗೆ ಸಿಕ್ಕಿಲ್ಲ: ಮೊಳದುದ್ದದ ಕಬ್ಬಿಣದ ಕೊಳವೆ, ಒಂದು ತುದಿ ಮಸಿ ಹಿಡಿದು ಕರಕು, ಇನ್ನೊಂದು ತುದಿ ತುಟಿ ತಾಗಿ ತಾಗಿ ಸವೆದಂತೆ ನುಣುಪು. ಅವಳು ಜೀವ ತೇಯ್ದು ಬರೆದದ್ದು ಅದನ್ನೇ. ಹೆಸರೇನೆಂದು ಕೇಳಿದ್ದಕ್ಕೆ, "ಮೊದ್ಲ ಅದರ ಮಾರಿ ಬರೀತೀನಿ, ಹೆಸರು ಆಮ್ಯಾಲ ಯಾರ್ನರ ಕೇಳಿದ್ರಾತು" ಅಂದಿದ್ದಳು.

ಮಗಳು ಸುಗಲಾ, "ಅಪ್ಪಾ, ಕೊಳಲು ಅಂದ್ಬಿಡ್ರಿ. ಕೇಳೋರು ಯಾರದಾರ?" ಅನ್ನುತ್ತಾಳೆ.

"ತೂತಿಲ್ಲಲ್ಲವಾ."

"ಅವ್ವ ಬರಿಯೋದು ಮರ್ತಾಳ ಅನ್ರಿ."

ಮರೆಯುವವಳಲ್ಲ. ಇದ್ದ ತಗ್ಗೊಂದನ್ನೂ ಅವಳು ಬಿಟ್ಟಿಲ್ಲ. ಇಲ್ಲದ ತೂತನ್ನು ನಾನು ಹೇಗೆ ಕೊರೆಯಲಿ?

ನೀವು ಪಾತ್ರೆಗಳ ಮೇಲೆ ನಿಮ್ಮ ಹೆಸರು ಹಾಕಿಸುತ್ತಿದ್ದಿರಿ, ಯಾರ ಮದುವೆಗೆ ಯಾರು ಕೊಟ್ಟದ್ದೆಂದು. ಆ ಚುಕ್ಕಿ ಚುಕ್ಕಿ ಅಕ್ಷರಗಳನ್ನೂ ಅವಳು ಹಾಗ್ಹಾಗೇ ಬರೆದಿದ್ದಾಳೆ. ಒಂದು ಉಪಕಾರ ಮಾಡಿ: ಆ ಕೊಳವೆ ನಿಮ್ಮಲ್ಲಿದ್ದರೆ ಅದರ ಮೈಮೇಲೆ ಅದರದೇ ಹೆಸರು ಹಾಕಿಸಿಡಿ. ನೀವು ಹಾಕಿಸಿದ್ದರೆ ಅವಳು ಕಂಡಿರುತ್ತಾಳೆ, ಕಂಡಿದ್ದರೆ ಬರೆದಿರುತ್ತಾಳೆ.

ಚಿತ್ರ ನನ್ನ ಮುಂದಿದೆ. ಇನ್ನೂ ಅಕ್ಷರ ಕಾಣುತ್ತಿಲ್ಲ. ಕೂಟಕ್ಕೆ ಕರೆಯುವವರೆಗೂ ನೋಡುತ್ತಿರುತ್ತೇನೆ.

ಅಡಿವೆಪ್ಪ